ಕಣ್ಣಿನ ಬಣ್ಣ ಸಾಕ್ಷಿ ಹೇಳುವುದಿಲ್ಲ

ಪುಣೆಯ ಸದಾಶಿವ ಪೇಠೆಯಲ್ಲಿ ಬೂದು ಅಥವಾ ಹಸಿರು ಛಾಯೆಯ ಕಣ್ಣು ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ಮರಾಠಿಯಲ್ಲಿ ಅದಕ್ಕೆ ‘ಘಾರೆ ಡೋಳೆ’ ಎಂಬ ಹೆಸರೇ ಇದೆ; ಕನ್ನಡದವರಿಗೆ ಅದು ಬೆಕ್ಕಿನ ಕಣ್ಣು. ಪೇಶ್ವೆಗಳ ಸಮುದಾಯವಾದ ಚಿತ್ಪಾವನರಲ್ಲಿ ಇಂಥ ಕಣ್ಣು ಹೆಚ್ಚು ಎಂಬುದು ಹಳೆಯ ಮಾತು. ಅದನ್ನೇ ಹಿಡಿದು ಅವರ ಪೂರ್ವಜರು ಗ್ರೀಕರು, ಇರಾನಿನವರು, ಯಹೂದಿಗಳು ಎಂದೆಲ್ಲ ಊಹೆ ಕಟ್ಟಿದವರಿದ್ದಾರೆ. ಆದರೆ ಅದೇ ಕಣ್ಣು ಕಪ್ಪುಗಣ್ಣಿನ ದಂಪತಿಯ ತೊಟ್ಟಿಲಲ್ಲಿ ಕಂಡರೆ ಮಾತಿನ ಧಾಟಿ ಬದಲಾಗುತ್ತದೆ. ‘ಇದು ಯಾರ ಹಾಗೆ?’ ಎಂಬ ಪ್ರಶ್ನೆ ಮಗುವಿನ ಕುರಿತದ್ದಲ್ಲ, ತಾಯಿಯ ಕುರಿತದ್ದು.

ಹೆಮ್ಮೆ, ಅನುಮಾನ ಎರಡರ ಬುಡದಲ್ಲೂ ಇರುವುದು ಒಂದೇ ನಂಬಿಕೆ: ಕಣ್ಣಿನ ಬಣ್ಣ ರಕ್ತದ ಸಾಕ್ಷಿ. ಆ ನಂಬಿಕೆ ತಪ್ಪು.

1907ರಲ್ಲಿ ಅಮೆರಿಕದ ಚಾರ್ಲ್ಸ್ ಡಾವೆನ್‌ಪೋರ್ಟ್ ದಂಪತಿ ಒಂದು ಸರಳ ಸೂತ್ರ ಮುಂದಿಟ್ಟರು: ಕಂದು ಪ್ರಬಲ, ನೀಲಿ ದುರ್ಬಲ. ಈ ಸೂತ್ರದ ಪ್ರಕಾರವೂ ಕಪ್ಪುಗಣ್ಣಿನ ಇಬ್ಬರಿಗೆ ತಿಳಿಗಣ್ಣಿನ ಮಗು ಹುಟ್ಟಬಹುದು. ತಿಳಿಬಣ್ಣದ ಗುಣ ಎರಡೂ ಕಡೆ ತಲೆಮಾರುಗಟ್ಟಲೆ ಅಡಗಿದ್ದರೆ ಸಾಕು. ಅಂದರೆ ತೊಟ್ಟಿಲ ಮುಂದಿನ ಪಿಸುಮಾತಿಗೆ ಹಳೆಯ ಪಾಠದ ಬೆಂಬಲವೂ ಇಲ್ಲ. ಸೂತ್ರ ಎಡವಿದ್ದು ಇನ್ನೊಂದು ಕಡೆ. ನೀಲಿಗಣ್ಣಿನ ಇಬ್ಬರಿಗೆ ಕಂದುಗಣ್ಣಿನ ಮಗು ಹುಟ್ಟಲಾರದು ಎಂದು ಅದು ಹೇಳಿತು. ಅಪರೂಪಕ್ಕಾದರೂ ಹುಟ್ಟುತ್ತದೆ.

ಕಣ್ಣಿನಲ್ಲಿ ನೀಲಿ ಬಣ್ಣದ ದ್ರವ್ಯವೇ ಇಲ್ಲ. ಕಣ್ಪಾಪೆಯ ಸುತ್ತಲಿನ ಪೊರೆಯಲ್ಲಿ ಮೆಲನಿನ್ ಹೆಚ್ಚಿದ್ದರೆ ಕಪ್ಪು, ಕಂದು. ತೀರ ಕಡಿಮೆಯಿದ್ದರೆ ಚದುರಿದ ಬೆಳಕೇ ನೀಲಿಯಾಗಿ ಕಾಣುತ್ತದೆ. ಮೆಲನಿನ್‌ನ ಪ್ರಮಾಣದಲ್ಲಿ ದೊಡ್ಡ ಪಾತ್ರ 15ನೇ ವರ್ಣತಂತುವಿನ ಒಸಿಎ2 ಮತ್ತು ಹರ್ಕ್2 ಎಂಬ ಜೀನ್‌ಗಳದ್ದು. ಆದರೆ ಅವೆರಡೇ ಅಲ್ಲ. ಸುಮಾರು 1,95,000 ಜನರನ್ನು ಒಳಗೊಂಡ 2021ರ ಅಧ್ಯಯನವೊಂದು ಇನ್ನೂ 50 ಹೊಸ ಜೀನ್‌ಗಳನ್ನು ಗುರುತಿಸಿತು. ಇಷ್ಟೆಲ್ಲ ಕೈಗಳು ಸೇರಿ ಕಲಸಿದ ಬಣ್ಣದಿಂದ ತಂದೆ ಯಾರೆಂದು ಹೇಳಲಾಗದು.

ಕುಲದ ಕಥೆಯೂ ಹಾಗೆಯೇ. ತಮ್ಮೊಳಗೇ ಮದುವೆಯಾಗುವ ಸಣ್ಣ ಸಮುದಾಯದಲ್ಲಿ ಒಂದು ಗುಣ ತಾನಾಗಿಯೇ ಹೆಚ್ಚಬಹುದು. ಅದಕ್ಕೆ ಗ್ರೀಕ್ ಹಡಗು ಬರಬೇಕಿಲ್ಲ.

ಇಂಥ ಕಥೆಗಳ ಅಪಾಯವನ್ನು ಪುಣೆಯ ಇರಾವತಿ ಕರ್ವೆ ಹತ್ತಿರದಿಂದ ಕಂಡವರು. 1920ರ ದಶಕದ ಕೊನೆಯಲ್ಲಿ ಅವರು ಬರ್ಲಿನ್‌ನಲ್ಲಿ ಯೂಜೆನ್ ಫಿಶರ್ ಅವರ ವಿದ್ಯಾರ್ಥಿನಿ. ತಲೆಬುರುಡೆಯ ಆಕಾರಕ್ಕೂ ಜನಾಂಗಕ್ಕೂ ನಂಟಿದೆ ಎಂಬುದು ಗುರುವಿನ ನಂಬಿಕೆ. 149 ಬುರುಡೆಗಳನ್ನು ಅಳೆದ ಇರಾವತಿ, ಅಂಥ ನಂಟು ಇಲ್ಲ ಎಂದೇ ಬರೆದರು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದರು. ಫಿಶರ್ ಕಟ್ಟಿದ ಆ ಬರ್ಲಿನ್ ಸಂಸ್ಥೆಗೆ ಎರಡನೇ ಮಹಾಯುದ್ಧದ ಹೊತ್ತಿಗೆ ಆಶ್ವಿಟ್ಜ್‌ನಲ್ಲಿ ಸತ್ತವರ ಕಣ್ಣುಗಳು ಬಂದವು, ಬಣ್ಣದ ಸಂಶೋಧನೆಗೆಂದು.

ಭಾರತದ ಕಾನೂನು ನೆರೆಹೊರೆಗಿಂತ ಜಾಣ. ದಾಂಪತ್ಯದಲ್ಲಿ ಹುಟ್ಟಿದ ಮಗು ಗಂಡನದೇ ಎಂದು ಅದು ಮೊದಲು ನಂಬುತ್ತದೆ. ಮಗುವಿನ ಡಿಎನ್‌ಎ ಪರೀಕ್ಷೆಗೆ ಸುಮ್ಮಸುಮ್ಮನೆ ಆದೇಶಿಸಬಾರದು ಎಂದು ಸುಪ್ರೀಂ ಕೋರ್ಟ್ 2023ರಲ್ಲೂ ಹೇಳಿತು. ನಿಖರವಾದ ಪರೀಕ್ಷೆಗೇ ಇಷ್ಟು ಸಂಯಮ ಬೇಕಾದರೆ, ಬರೀ ಬಣ್ಣ ನೋಡಿ ತೀರ್ಪು ಕೊಡುವ ನೆಂಟರಿಗೆ ಎಷ್ಟು ಬೇಕು! ಶಾಲೆಯಲ್ಲಿ ಕಂದು-ನೀಲಿಯ ಚೌಕ ಬರೆಸುವ ಮೇಷ್ಟ್ರು ‘ಇದು ಕಲಿಕೆಯ ಸರಳ ಮಾದರಿ, ಮನೆಯವರ ಮೇಲೆ ಪ್ರಯೋಗಿಸಬೇಡಿ’ ಎಂಬ ಒಂದು ಮಾತು ಸೇರಿಸಿದರೂ ಸಾಕು, ಎಷ್ಟೋ ಬಾಣಂತಿಯರ ಕಣ್ಣೀರು ಉಳಿದೀತು.