ಬಾಯಿಗೆ ಅಡ್ಡ ಹಿಡಿದ ಕೈ

2021ರಲ್ಲಿ ‘ಸಲಗ’ ಬಂದಾಗ ಗಿರಿಜಾ ಸಿದ್ದಿ ದನಿಗೆ ನಾವು ಹೊಡೆದದ್ದೇ ಶಿಳ್ಳೆ! ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಜನರ ಹಿರಿಯರು ಆಫ್ರಿಕಾದಿಂದ ಗುಲಾಮರಾಗಿ ಬಂದವರು. ಆಟ ಬಿಟ್ಟ ಮೇಲೆ ಜೇವರ್ಗಿ ಕಾಲೋನಿಯಲ್ಲಿ ಚಹಾ. ದಾರಿಯಲ್ಲಿ ಹೊರಟ ಹುಡುಗಿಗೆ ದೋಸ್ತ ಅದೇ ಬಾಯಲ್ಲಿ ‘ಏ ಕರಿ!’ ಅಂದ. ನಾನೂ ನಕ್ಕೆ.

ಮೊನ್ನೆ ಸ್ಪೀಲ್‌ಬರ್ಗ್‌ನ 1985ರ ‘ದಿ ಕಲರ್ ಪರ್ಪಲ್’ ನೋಡಿದೆ. ಅಮೆರಿಕದ ಕಪ್ಪು ಹೆಣ್ಣು ಸೀಲಿ, ಅಂದರೆ ವೂಪಿ ಗೋಲ್ಡ್‌ಬರ್ಗ್, ‘ಕುರೂಪಿ’ ಅನ್ನಿಸಿಕೊಂಡು ಏಟು ತಿಂದವಳು. ನಗುವಾಗಲೂ ಬಾಯಿಗೆ ಕೈ ಅಡ್ಡ! ಗೆಳತಿ ಶುಗ್ ಆ ಕೈ ಸರಿಸ್ತಾಳೆ. ಕಡೆಗೆ ಊಟದ ಮೇಜಿನಲ್ಲೇ ಗಂಡನಿಗೆ ತಿರುಗಿ ನುಡಿದು ಸೀಲಿ ಮನೆ ಬಿಡ್ತಾಳೆ.

ದೋಸ್ತರೇ, ಮನಸ್ಸಿನ ಗಾಯ ಮಾಯಿಸೋ ಶುಗ್ ಎಲ್ಲರಿಗೂ ಸಿಗಂಗಿಲ್ಲ. ಗಾಯ ಮಾಡದಿರೋದು ನಮ್ಮ ಕೈಲಿ ಅದ. ಆ ಹುಡುಗಿ ಇವತ್ತಿಗೂ ಚಹಾದಂಗಡಿ ತಪ್ಪಿಸಿ ಹಿಂದಿನ ಓಣಿ ಹಿಡೀತಾಳ.