ಸಾವಿಗೆ ‘ಅಭ್ಯಾಸ’ವಾಗುತ್ತಿರುವ ಸಿಸ್ಟರ್‌ಗಳು: ಕೋಲಾರ ಈಗಲೇ ಎಚ್ಚರವಾಗಲಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಯಾವ ಊರಿನ ಆಸ್ಪತ್ರೆಯಾದರೂ ಸರಿ, ಕೊನೆಯ ದಿನಗಳಲ್ಲಿರುವ ವೃದ್ಧರನ್ನು ನೋಡಿಕೊಳ್ಳುವ ಸಿಸ್ಟರ್‌ ಒಬ್ಬರನ್ನು ‘ಇದನ್ನೆಲ್ಲ ಹೇಗೆ ತಡ್ಕೊಳ್ತೀರಮ್ಮಾ’ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ‘ಅಭ್ಯಾಸ ಆಗೋಗಿದೆ ಸಾರ್.’ ಕೇಳಿದವರಿಗೆ ಸಮಾಧಾನವಾಗುತ್ತದೆ. ಆಗಬಾರದು. ಆ ಮಾತನ್ನು ಜಿಲ್ಲೆಯ ಆರೋಗ್ಯ ವ್ಯವಸ್ಥೆ ಅಪಾಯದ ಸೂಚನೆಯೆಂದೇ ಕೇಳಿಸಿಕೊಳ್ಳಬೇಕು.

ಸಾವಿನ ಪಕ್ಕ ನಿತ್ಯ ನಿಂತು ಕೆಲಸ ಮಾಡುವವರು ಅದಕ್ಕೆ ಹೊಂದಿಕೊಳ್ಳಲೇಬೇಕು, ಬೇರೆ ದಾರಿಯಿಲ್ಲ. ಕೆಲವರು ಕಲಿತು ಹೊಂದಿಕೊಳ್ಳುತ್ತಾರೆ, ಕೆಲವರು ಕಲ್ಲಾಗಿ ಹೊಂದಿಕೊಳ್ಳುತ್ತಾರೆ. ಎರಡನೆಯದು ಹೊರಗಿನಿಂದ ನೋಡಿದರೆ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಬಿಪಿ, ಟೆಂಪರೇಚರ್ ಬರೆದಿರುತ್ತದೆ, ಡ್ರಿಪ್ ಬದಲಾಗಿರುತ್ತದೆ, ಕೇಸ್‌ಶೀಟಿನಲ್ಲಿ ಎಲ್ಲೂ ಖಾಲಿ ಜಾಗವಿರುವುದಿಲ್ಲ. ಆದರೆ ಪಾಳಿ ಬದಲಾಗುವಾಗ ಅಜ್ಜಿಗೆ ಹೆಸರಿರುವುದಿಲ್ಲ, ‘ಹದಿನಾಲ್ಕನೇ ಬೆಡ್’ ಇರುತ್ತದೆ. ಮಾತನಾಡಿಸಬೇಕಾದ ಹೊತ್ತಿಗೆ ಹಾಸಿಗೆಯ ಸುತ್ತ ಪರದೆ ಎಳೆದಿರುತ್ತದೆ.

ಇದು ನಮ್ಮ ಸಿಸ್ಟರ್‌ಗಳ ಸ್ವಭಾವದ ದೋಷವಲ್ಲ. ಮನೋವಿಶ್ಲೇಷಕಿ ಇಸಬೆಲ್ ಮೆಂಜೀಸ್ 1960ರಲ್ಲಿ ಲಂಡನ್ನಿನ ಬೋಧನಾ ಆಸ್ಪತ್ರೆಯೊಂದರ ನರ್ಸುಗಳ ಬಗ್ಗೆ ಬರೆದ ಅಧ್ಯಯನದಲ್ಲಿ ಇದನ್ನೇ ಕಂಡಿದ್ದರು. ರೋಗಿಯನ್ನು ಹಾಸಿಗೆಯ ನಂಬರಿನಿಂದ, ಕೆಟ್ಟ ಅಂಗದಿಂದ ಕರೆಯುವುದು, ಯಾರೊಬ್ಬರೂ ಒಬ್ಬ ರೋಗಿಯ ಬಳಿ ಹೆಚ್ಚು ಹೊತ್ತು ನಿಲ್ಲದಂತೆ ಕೆಲಸವನ್ನು ತುಂಡರಿಸಿ ಹಂಚುವುದು, ಇವೆಲ್ಲ ಸಂಕಟದಿಂದ ತಪ್ಪಿಸಿಕೊಳ್ಳಲು ಆಸ್ಪತ್ರೆಯೇ ಕಟ್ಟಿಕೊಂಡ ಏರ್ಪಾಡು ಎಂದು ಅವರು ತೋರಿಸಿದರು. ಅಷ್ಟಾದರೂ ಸಂಕಟ ತಗ್ಗಲಿಲ್ಲ. ಅಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ವಿದ್ಯಾರ್ಥಿನಿಯರು ತರಬೇತಿಯನ್ನು ಅರ್ಧಕ್ಕೇ ಬಿಡುತ್ತಿದ್ದರು.

ನಮ್ಮ ಜಿಲ್ಲೆಯ ವಿಷಯಕ್ಕೆ ಬರೋಣ. ಕೋಲಾರದ ಸುತ್ತಮುತ್ತ ಬಾಯಿ ಕ್ಯಾನ್ಸರ್ ಹೆಚ್ಚೆಂದು, ಅದರಲ್ಲೂ ಹಳ್ಳಿಯ ಹೆಂಗಸರಲ್ಲಿ ಹೆಚ್ಚೆಂದು ಇಲ್ಲಿನ ವೈದ್ಯರು ವರ್ಷಗಳಿಂದ ಬರೆಯುತ್ತಾ ಬಂದಿದ್ದಾರೆ. ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಸೇರಿಸಿ ದವಡೆಯಲ್ಲಿಟ್ಟುಕೊಂಡೇ ರಾತ್ರಿ ಮಲಗುವ ರೂಢಿ ಅದಕ್ಕೆ ದೊಡ್ಡ ಕಾರಣ. ಕಾಯಿಲೆ ಮುಂದುವರಿದು, ಶಸ್ತ್ರಚಿಕಿತ್ಸೆಯ ಹಂತ ದಾಟಿ ಬರುವ ಅಜ್ಜಿಯ ಕೆನ್ನೆ ಒಡೆದಿರುತ್ತದೆ. ಸೆರಗನ್ನು ಮುಖಕ್ಕೆ ಒತ್ತಿ ಹಿಡಿದಿರುತ್ತಾರೆ. ಗಾಯದ ವಾಸನೆಗೆ ಸೊಸೆ ಹತ್ತಿರ ಬರುವುದಿಲ್ಲ, ಪಕ್ಕದ ಹಾಸಿಗೆಯವರು ಗೊಣಗುತ್ತಾರೆ. ಅಂಥವರ ಡ್ರೆಸಿಂಗ್ ಮಾಡಬೇಕಾದವಳು ಇಪ್ಪತ್ತೆರಡರ, ಈಗಷ್ಟೇ ಜಿಎನ್‌ಎಂ ಮುಗಿಸಿದ ಹುಡುಗಿ.

ಆ ಹುಡುಗಿಗೆ ಯಾರಾದರೂ ಕಲಿಸಿದ್ದರೆ ಅವಳ ಕೈ ಬೇರೆ ಥರ ಕೆಲಸ ಮಾಡುತ್ತದೆ. ಡ್ರೆಸಿಂಗಿಗೆ ಅರ್ಧ ಗಂಟೆ ಮೊದಲೇ ನೋವಿನ ಔಷಧಿ ಕೊಟ್ಟಿರುತ್ತಾಳೆ. ಗಾಯಕ್ಕೆ ಅಂಟಿದ ಪಟ್ಟಿಯನ್ನು ಸಲೈನಿನಲ್ಲಿ ನೆನೆಸಿ, ರಕ್ತ ಒಸರದಂತೆ ನಿಧಾನವಾಗಿ ಬಿಡಿಸುತ್ತಾಳೆ. ಮೆಟ್ರೋನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ಉದುರಿಸುತ್ತಾಳೆ. ಕೆಲವು ರೂಪಾಯಿಯ ಈ ಮಾತ್ರೆಯಿಂದ ಕೆಲವೇ ದಿನಗಳಲ್ಲಿ ವಾಸನೆ ತಗ್ಗುತ್ತದೆ. ವಾಸನೆ ತಗ್ಗಿದರೆ ಸೊಸೆ ಹತ್ತಿರ ಕೂರುತ್ತಾಳೆ, ಮೊಮ್ಮಗ ಬರುತ್ತಾನೆ. ಕಾಯಿಲೆ ವಾಸಿಯಾಗಲಿಲ್ಲ, ಆದರೆ ಸಿಸ್ಟರ್‌ಗೆ ತನ್ನಿಂದ ಒಂದು ಉಪಕಾರವಾಯಿತೆಂಬುದು ಗೊತ್ತಾಗುತ್ತದೆ. ಮಾರನೆಯ ದಿನ ಅದೇ ಹಾಸಿಗೆಯ ಬಳಿ ಹೋಗಲು ಅವಳಿಗೆ ಭಯವಿರುವುದಿಲ್ಲ. ಯಾರೂ ಕಲಿಸದವಳು ಬರಿಗೈಯಲ್ಲಿ ಹೋಗಬೇಕು. ಬರಿಗೈಯಲ್ಲಿ ನಿಲ್ಲಬೇಕಾದವರು ಮೆಲ್ಲಗೆ ದೂರ ಸರಿಯುತ್ತಾರೆ. ಕಲ್ಲಾಗುವುದು ಶುರುವಾಗುವುದೇ ಅಲ್ಲಿಂದ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇನ್ನೊಂದು ಹೊರೆಯನ್ನು ನಾವೇ, ಅಂದರೆ ಮನೆಯವರೇ, ಹೊರಿಸುತ್ತೇವೆ. ‘ಅಮ್ಮನಿಗೆ ಏನೂ ಹೇಳ್ಬೇಡಿ ಸಿಸ್ಟರ್’ ಎಂದು ಮಗ ವಾರ್ಡಿನ ಹೊರಗೆ ಕೈಮುಗಿಯುತ್ತಾನೆ. ರಾತ್ರಿ ಎರಡು ಗಂಟೆಗೆ ಆ ತಾಯಿ ಸಿಸ್ಟರ್ ಕೈ ಹಿಡಿದು ‘ನನ್ನ ಮನೇಗೆ ಯಾವಾಗ ಕಳಿಸ್ತೀಯಮ್ಮಾ’ ಎಂದು ಕೇಳುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಅನೇಕ ಹಿರಿಯರು ಆ ಪ್ರಶ್ನೆ ಕೇಳುವುದು ತೆಲುಗಿನಲ್ಲಿ. ದೂರದ ಜಿಲ್ಲೆಯಿಂದ ಬಂದ ಸಿಸ್ಟರ್‌ಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಸುಳ್ಳು ಹೇಳಬೇಕು, ಇಲ್ಲವೇ ಕೈ ಬಿಡಿಸಿಕೊಂಡು ಹೋಗಬೇಕು. ಕೊನೆಗೆ ‘ಉಸಿರಿರುವಾಗಲೇ ಮನೆ ಸೇರಿಸಬೇಕು’ ಎಂದು ಮನೆಯವರು ಸಹಿ ಹಾಕಿ ಆ್ಯಂಬುಲೆನ್ಸಿನಲ್ಲಿ ಕರೆದೊಯ್ಯುತ್ತಾರೆ. ವಾರಗಟ್ಟಲೆ ನೋಡಿಕೊಂಡ ಜೀವ ಯಾವಾಗ ಹೋಯಿತು, ಹೇಗೆ ಹೋಯಿತು ಎಂಬುದು ಆ ಸಿಸ್ಟರ್‌ಗೆ ತಿಳಿಯುವುದೇ ಇಲ್ಲ.

ಮುಂದೆ ಬರುವ ದಿನಗಳು ಇನ್ನೂ ಕಠಿಣ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 15 ಲಕ್ಷ ದಾಟಿತ್ತು. ದೇಶದಲ್ಲಿ 60 ದಾಟಿದವರ ಪ್ರಮಾಣ ಆಗ ಶೇ 8ರ ಆಸುಪಾಸಿನಲ್ಲಿದ್ದದ್ದು 2036ಕ್ಕೆ ಶೇ 15ರ ಹತ್ತಿರ ಬರುತ್ತದೆಂಬುದು ಕೇಂದ್ರ ಸರ್ಕಾರದ ತಜ್ಞರ ಅಂದಾಜು. ಕರ್ನಾಟಕದ ಪ್ರಮಾಣ ಮೊದಲಿನಿಂದಲೂ ದೇಶದ ಸರಾಸರಿಗಿಂತ ಹೆಚ್ಚು. ಇತ್ತ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಬೆಳಗ್ಗೆಯೇ ಬಸ್ಸು ಹತ್ತುವ ಮಕ್ಕಳು, ಬೆಂಗಳೂರಿನಲ್ಲೇ ನೆಲೆಸಿದ ಮಕ್ಕಳು. ಮನೆಯಲ್ಲಿ ಹಾಸಿಗೆ ಹಿಡಿದವರಿಗೆ ಹಗಲು ನೀರು ಕೊಡುವ ಕೈಯೂ ಇಲ್ಲವಾಗುತ್ತಿದೆ. 2024ರಲ್ಲಿ ಪ್ರಾಯೋಗಿಕವಾಗಿ ಶುರುವಾದ ‘ಗೃಹ ಆರೋಗ್ಯ’ ಯೋಜನೆ ಮನೆ ಬಾಗಿಲಲ್ಲೇ ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್ ತಪಾಸಣೆಗೆ ಇಳಿದಿದೆ. ಒಳ್ಳೆಯ ಕೆಲಸ. ಆದರೆ ತಡವಾಗಿ ಪತ್ತೆಯಾದವರೂ ಹೆಚ್ಚು ಸಿಗುತ್ತಾರೆ, ಅವರೆಲ್ಲ ಬರುವುದು ಇದೇ ವಾರ್ಡುಗಳಿಗೆ.

ಕಾಗದದ ಮೇಲೆ ಬೇಕಾದಷ್ಟಿದೆ. 2010ರ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮದಂತೆ ಜಿಲ್ಲಾಸ್ಪತ್ರೆಯಲ್ಲಿ ವೃದ್ಧರಿಗೆಂದೇ 10 ಹಾಸಿಗೆಯ ವಾರ್ಡ್ ಇರಬೇಕು. 2012ರಲ್ಲಿ ರಾಷ್ಟ್ರೀಯ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ಕಾರ್ಯಕ್ರಮ ಬಂತು, 2016ರಲ್ಲಿ ಕರ್ನಾಟಕದ್ದೇ ನೀತಿ ಬಂತು. ನೋವಿಗೆ ಮಾರ್ಫಿನ್ ಸಿಗುವುದು ಸುಲಭವಾಗಲೆಂದು 2014ರಲ್ಲಿ ಸಂಸತ್ತು ಕಾಯ್ದೆಯನ್ನೇ ತಿದ್ದಿತು. ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ ಮೂರಕ್ಕೆ ಒಬ್ಬರು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ರಾತ್ರಿ ಪಾಳಿಯಲ್ಲಿ ಆ ಲೆಕ್ಕ ಏನಾಗಿರುತ್ತದೆಂದು ಜನಪ್ರತಿನಿಧಿಗಳು ಒಮ್ಮೆ ವಾರ್ಡಿಗೆ ಹೋಗಿ ಎಣಿಸಿ ನೋಡಲಿ.

2025ರ ಜನವರಿಯಲ್ಲಿ ರಾಜ್ಯ ಸರ್ಕಾರ, ಸುಪ್ರೀಂ ಕೋರ್ಟಿನ ತೀರ್ಪಿನಂತೆ, ಘನತೆಯ ಸಾವಿನ ಹಕ್ಕಿನ ಸುತ್ತೋಲೆ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ದಶಕಗಳ ಕಾಲ ಹೋರಾಡಿದ್ದು ಇದೇ ಹಕ್ಕಿಗಾಗಿ. ಜೀವರಕ್ಷಕ ಯಂತ್ರ ತೆಗೆಯಬೇಕೇ ಬೇಡವೇ ಎಂದು ಹೇಳಲು ಎರಡು ವೈದ್ಯಕೀಯ ಮಂಡಳಿಗಳಿರುತ್ತವೆ. ಎರಡರ ರಚನೆಯಲ್ಲೂ ಇರುವುದು ವೈದ್ಯರು ಮಾತ್ರ. ಇಪ್ಪತ್ನಾಲ್ಕು ಗಂಟೆ ಆ ರೋಗಿಯ ಪಕ್ಕದಲ್ಲಿದ್ದ ನರ್ಸಿಗೆ ಸ್ಥಾನವಿಲ್ಲ. ಆದರೆ ತೀರ್ಮಾನದ ನಂತರದ ಗಂಟೆಗಳನ್ನು ಕಳೆಯಬೇಕಾದವಳು ಅವಳೇ.

ಕೆಲಸ ಶುರು ಮಾಡಲು ಹೊಸ ಕಟ್ಟಡ ಬೇಕಿಲ್ಲ. ಭಾರತೀಯ ಉಪಶಾಮಕ ಆರೈಕೆ ಸಂಘ ನರ್ಸುಗಳಿಗೆಂದೇ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತದೆ. ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ‘ಕರುಣಾಶ್ರಯ’ 1990ರ ದಶಕದಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ಪಡೆಯದೆ ನೋಡಿಕೊಳ್ಳುತ್ತಿದೆ. ಮಾಲೂರಿನಿಂದ ಬೆಳಗ್ಗೆ ಹೊರಟರೆ ಸಂಜೆಗೆ ವಾಪಸಾಗುವ ದೂರ. ಪ್ರತಿ ತಾಲ್ಲೂಕು ಆಸ್ಪತ್ರೆಯಿಂದ ಇಬ್ಬಿಬ್ಬರು ಸಿಸ್ಟರ್‌ಗಳನ್ನು, ಗುತ್ತಿಗೆಯವರೆಂದು ಬಿಡದೆ, ಇಂಥಲ್ಲಿಗೆ ಕಲಿಯಲು ಕಳಿಸಲಿ. ಅವರು ಬಂದು ಉಳಿದವರಿಗೆ ಕಲಿಸಲಿ. ಕಲಿತವರನ್ನು ಆರು ತಿಂಗಳಿಗೇ ಬೇರೆ ವಾರ್ಡಿಗೆ ಹಾಕಬೇಡಿ. ನಾಲ್ಕೂ ಊರಿನ ಆಸ್ಪತ್ರೆಗಳಲ್ಲಿ ಬಾಯಿಂದ ಕೊಡುವ ಮಾರ್ಫಿನ್ ಸದಾ ದಾಸ್ತಾನಿರಲಿ, ನೋವಿನ ಮಾತ್ರೆಗಾಗಿ ಬೆಂಗಳೂರಿನ ಬಸ್ಸು ಹತ್ತುವುದು ತಪ್ಪಲಿ. ವಾರ್ಡಿನಲ್ಲಿ ಸಾವಾದ ಮೇಲೆ ಆ ಪಾಳಿಯವರು ಹತ್ತು ನಿಮಿಷ ಒಟ್ಟಿಗೆ ಕೂತು ಮಾತಾಡಲು ನರ್ಸಿಂಗ್ ಸೂಪರಿಂಟೆಂಡೆಂಟ್ ಅವಕಾಶ ಕೊಡಲಿ. ಇದಕ್ಕೆ ಖರ್ಚೇ ಇಲ್ಲ. ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ ನೀತಿ ಮಾಡಿ, ಪಂಚಾಯಿತಿಗಳ ಮೂಲಕ ಮನೆಮನೆಗೆ ನರ್ಸ್ ಕಳಿಸುವ ವ್ಯವಸ್ಥೆ ಕಟ್ಟಿತು. ನಮ್ಮ ಜಿಲ್ಲಾ ಪಂಚಾಯಿತಿಯಿಂದಲೂ ಅದು ಆಗದ ಕೆಲಸವಲ್ಲ.

ಓದುಗರಲ್ಲೂ ಒಂದು ವಿನಂತಿ. ನಿಮ್ಮ ಮನೆಯ ಹಿರಿಯರು ಆ ವಾರ್ಡಿನಲ್ಲಿದ್ದರೆ, ಅವರಿಗೆ ಹೇಳಬೇಕಾದದ್ದನ್ನು ಡಾಕ್ಟರ ಜೊತೆ ಕೂತು ನೀವೇ ಹೇಳಿ. ಮುಚ್ಚಿಡುವ ಭಾರವನ್ನು ರಾತ್ರಿ ಪಾಳಿಯ ಸಿಸ್ಟರ್ ತಲೆಗೆ ಕಟ್ಟಬೇಡಿ. ಮನೆಗೆ ಕರೆದೊಯ್ದ ಮೇಲೆ ಏನಾಯಿತೆಂದು ಅವರಿಗೊಂದು ಫೋನ್ ಮಾಡಿ ತಿಳಿಸಿ.