ಬೆಟ್ಟದ ಕಬ್ಬಿಣ, ಮಳೆಗಾಲದ ತುಕ್ಕು

ಮೃಗಶಿರ ಮಳೆ ಹಿಡಿಯುತ್ತಲೇ ಮಲೆನಾಡಿನ ಅನೇಕ ಮನೆಗಳಲ್ಲಿ ಸೈಕಲ್ಲು ಕೊಟ್ಟಿಗೆಯ ಮೂಲೆ ಸೇರುತ್ತದೆ. ದೀಪಾವಳಿಯ ಹೊತ್ತಿಗೆ ಹೊರಗೆಳೆದರೆ ಚೈನು ಬಿಗಿದಿರುತ್ತದೆ, ಬ್ರೇಕು ಅಲುಗುವುದಿಲ್ಲ, ರಿಮ್ಮಿನಿಂದ ಕೆಂಪು ಹುಡಿ ಉದುರುತ್ತದೆ. ಇಂತಹ ಎರಡು ಮೂರು ಮಳೆಗಾಲ ಕಳೆದರೆ ಅದಕ್ಕೆ ಗುಜರಿಯೇ ಗತಿ. 2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡಲಾರಂಭಿಸಿದಾಗ ಬಸ್ಸಿಲ್ಲದ ಹಳ್ಳಿಗಳಿಗೆ ಪ್ರೌಢಶಾಲೆ ಹತ್ತಿರವಾಯಿತು. 2020ರ ಬಳಿಕ ಆ ವಿತರಣೆ ಸ್ಥಗಿತಗೊಂಡಾಗ, ಮನೆಯಲ್ಲಿದ್ದ ಹಳೆಯ ಸೈಕಲ್ಲಿನ ಬೆಲೆ ಹೆಚ್ಚಿತು. ಅಕ್ಕ ತುಳಿದ ಸೈಕಲ್ಲು ತಂಗಿಗೂ ಉಳಿಯಬೇಕಾದರೆ ತುಕ್ಕನ್ನು ಅರಿಯಬೇಕು.

ಕಬ್ಬಿಣ, ನೀರು, ಆಮ್ಲಜನಕ ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಮಳೆಯಲ್ಲಿ ನೆನೆಯಲೇಬೇಕೆಂದಿಲ್ಲ, ಗಾಳಿಯ ಸಾಪೇಕ್ಷ ತೇವಾಂಶ ಶೇ. 60ನ್ನು ದಾಟಿದರೆ ಸಾಕು, ಅದರ ವೇಗ ಏರುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂತಹ ಕಡೆ ಮಾಡಿನಡಿಯ ಸೈಕಲ್ಲೂ ತುಕ್ಕು ಹಿಡಿಯುವುದು ಇದರಿಂದಲೇ. ಅಲ್ಲದೆ ತುಕ್ಕು ಬಣ್ಣದಂತೆ ಲೋಹಕ್ಕೆ ಅಂಟಿ ಕಾಯುವುದಿಲ್ಲ. ಉಬ್ಬಿ, ಹಕ್ಕಳೆಯಾಗಿ ಎದ್ದು, ಒಳಗಿನ ಕಬ್ಬಿಣವನ್ನು ಮತ್ತೆ ನೀರಿಗೆ ಒಡ್ಡುತ್ತದೆ.

ಕೃಷಿಯ ಸಾಮಗ್ರಿಗಳೂ ಇದಕ್ಕೆ ಇಂಬು ಕೊಡುತ್ತವೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಅಡಿಕೆ ಬೆಳೆಗಾರರು ಅದರಲ್ಲಿ ಹೊಳೆಯುವ ಚೂರಿಯನ್ನು ಅದ್ದಿ ಪರೀಕ್ಷಿಸುವುದುಂಟು. ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಕಬ್ಬಿಣ ಕರಗಿ ತಾಮ್ರಕ್ಕೆ ಸ್ಥಳ ಬಿಟ್ಟುಕೊಟ್ಟಿದೆ ಎಂಬುದೇ ಅದರ ಅರ್ಥ. ಮೈಲುತುತ್ತದ ಹುಡಿ ಬಿದ್ದ ಕ್ಯಾರಿಯರು ಒದ್ದೆಯಾದಾಗಲೂ ನಡೆಯುವುದು ಇದೇ. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡು ಅಡುಗೆಯ ಉಪ್ಪಿನಂತೆಯೇ ತುಕ್ಕನ್ನು ತೀವ್ರಗೊಳಿಸುತ್ತದೆ. ಇಂತಹ ಚೀಲಗಳನ್ನು ಹೇರಿದ ದಿನ ಸೈಕಲ್ಲನ್ನು ತೊಳೆದು ಒರೆಸದೆ ನಿಲ್ಲಿಸಬಾರದು.

ಉಪಾಯಗಳು ದುಬಾರಿಯಲ್ಲ. ಗಂಜಲ, ಸಗಣಿಗಳ ತೇವವಿರುವ ಕೊಟ್ಟಿಗೆಗಿಂತ ಗಾಳಿಯಾಡುವ ಜಗಲಿ ಮೇಲು. ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿದರೆ ಒಳಗಿನ ತೇವ ಹೊರಹೋಗದು. ಬಣ್ಣ ಎದ್ದ ಕಡೆ ಮರಳುಕಾಗದದಿಂದ ಉಜ್ಜಿ, ಸಂಪೂರ್ಣ ಒಣಗಿಸಿ, ರೆಡ್ ಆಕ್ಸೈಡ್ ಬಳಿದು ಮೇಲೆ ಬಣ್ಣ ಕೊಡಬೇಕು. ಹುಣಸೆಹುಳಿ ತುಕ್ಕನ್ನು ಕರಗಿಸುತ್ತದೆ, ನಿಜ. ಆದರೆ ತೊಳೆಯದೆ ಬಿಟ್ಟ ಹುಳಿ ಕಬ್ಬಿಣವನ್ನೂ ತಿನ್ನುತ್ತದೆ. ಚೈನನ್ನು ಒರೆಸಿ ಒಣಗಿಸಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ಕೊಂಡಿಕೊಂಡಿಗೆ ಒಂದು ಹನಿಯಂತೆ ಬಿಟ್ಟು, ಹೆಚ್ಚಾದುದನ್ನು ಒರೆಸಬೇಕು. ಕೊಬ್ಬರಿ ಎಣ್ಣೆ ಕಾಲಕ್ರಮದಲ್ಲಿ ಕಮಟಿ ಅಂಟಾಗುವುದರಿಂದ ಅದು ತಕ್ಕುದಲ್ಲ. ಸೀಟಿನ ಕಂಬವನ್ನು ಮಳೆಗಾಲಕ್ಕೆ ಮುನ್ನ ಒಮ್ಮೆ ಹೊರತೆಗೆದು ಗ್ರೀಸ್ ಹಚ್ಚುವುದು ಅಗತ್ಯ. ಅಲ್ಲಿಂದ ಇಳಿಯುವ ನೀರು ಚೌಕಟ್ಟಿನ ಕೊಳವೆಯನ್ನು ಕಣ್ಣಿಗೆ ಕಾಣದಂತೆ ಒಳಗಿನಿಂದ ತಿನ್ನುತ್ತದೆ. ಚೈನು ತೊಳೆದ ಸೀಮೆಎಣ್ಣೆಯನ್ನಾಗಲಿ, ಹಳೆಯ ಎಂಜಿನ್ ಎಣ್ಣೆಯನ್ನಾಗಲಿ ಹಳ್ಳಕ್ಕೆ ಚೆಲ್ಲಬಾರದು. ಸೈಕಲ್ಲು ಉಳಿಸಲು ಹೋಗಿ ಮೀನನ್ನು ಕೊಲ್ಲುವುದು ಸಲ್ಲದು.

ಸೈಕಲ್ಲಿನ ತುಕ್ಕು ಪರಿಸರ ಚಳವಳಿಯ ವಿಷಯವೇ ಎಂದು ಕೆಲವರಿಗೆ ಅನ್ನಿಸೀತು. ಕುದುರೆಮುಖದ ಗಣಿ 2005ರ ಅಂತ್ಯಕ್ಕೆ ನಿಂತಿತು. ಅದಕ್ಕೆ ದೀರ್ಘ ಹೋರಾಟವೂ ಸರ್ವೋಚ್ಚ ನ್ಯಾಯಾಲಯದ ಆದೇಶವೂ ಬೇಕಾದವು. ಅಷ್ಟರಲ್ಲಿ ಭದ್ರೆಯ ಒಡಲಿಗೆ ಸೇರಿದ ಹೂಳು ಸೇರಿಯಾಗಿತ್ತು. ಹೊಸ ಕಬ್ಬಿಣ ಬೇಕೆಂದಾಗಲೆಲ್ಲ ಎಲ್ಲಿಯೋ ಒಂದು ಬೆಟ್ಟ ಅಗೆಯಲ್ಪಡುತ್ತದೆ. ಅಗೆಯಬೇಡಿ ಎಂದು ಹೇಳಿದ ಮಲೆನಾಡು, ಅಗೆದು ತಂದ ಕಬ್ಬಿಣವನ್ನು ಮಣ್ಣುಗೂಡಲು ಬಿಡುವುದು ನ್ಯಾಯವಲ್ಲ.

ಮೃಗಶಿರಕ್ಕೆ ಮುನ್ನ ಪ್ರತಿ ಪ್ರೌಢಶಾಲೆಯೂ ಒಂದು ಶನಿವಾರವನ್ನು ಇದಕ್ಕೆ ಮೀಸಲಿಡಲಿ. ಊರಿನ ಸೈಕಲ್ ರಿಪೇರಿಯವರು ಅಂದು ಗುರುಗಳಾಗಲಿ. ರಸಾಯನಶಾಸ್ತ್ರದ ಪಾಠವೂ ಆಗುತ್ತದೆ, ಸೈಕಲ್ಲುಗಳೂ ಉಳಿಯುತ್ತವೆ.